ಉದುರುವ ಬಣ್ಣಕ್ಕೆ ಅಂಟು ಕೊಡಬೇಕೆ? ಮಧ್ಯಯುಗದ ಚಿತ್ರಿತ ಹಸ್ತಪ್ರತಿಗಳ ಸಂರಕ್ಷಣೆ: ಒಂದು ಸಮೀಕ್ಷೆ

ಕ್ರಿ.ಶ. 800ರ ಸುಮಾರಿಗೆ ಕ್ರೈಸ್ತ ಸನ್ಯಾಸಿಗಳು ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದು ಬಣ್ಣ ತುಂಬಿದ ‘ಬುಕ್ ಆಫ್ ಕೆಲ್ಸ್’ ಈಗ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿದೆ. ಉಳಿದಿರುವುದು 340 ಹಾಳೆ. 2000ದಲ್ಲಿ ಅದರ ನಾಲ್ಕು ಸಂಪುಟಗಳ ಪೈಕಿ ಮಾರ್ಕನ ಸುವಾರ್ತೆ ಇರುವ ಸಂಪುಟವನ್ನು ಪ್ರದರ್ಶನಕ್ಕೆಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಒಯ್ದರು. ಆ ಪಯಣದಲ್ಲಿ ಬಣ್ಣಕ್ಕೆ ಅಲ್ಪಸ್ವಲ್ಪ ಹಾನಿಯಾಯಿತು. ವಿಮಾನದ ಇಂಜಿನ್‌ಗಳ ಅದುರಾಟವೇ ಕಾರಣವಿರಬೇಕೆಂದು ಊಹಿಸಲಾಯಿತು.

ಹಾನಿ ಸಣ್ಣದು, ಅದು ಎತ್ತಿದ ಪ್ರಶ್ನೆ ದೊಡ್ಡದು. ಇಷ್ಟು ಸಡಿಲವಾದ ಬಣ್ಣವನ್ನು ಅಂಟು ಕೊಟ್ಟು ಹಿಡಿದು ನಿಲ್ಲಿಸಬೇಕೆ, ಅಥವಾ ಪುಸ್ತಕವನ್ನು ಅಲುಗಾಡಿಸದೆ ಬಿಡಬೇಕೆ? ಅಂಟು ಕೊಡುವುದಾದರೆ ಯಾವುದನ್ನು? ಒಮ್ಮೆ ಕೊಟ್ಟ ಅಂಟನ್ನು ಹಿಂದೆ ತೆಗೆಯಲು ಬರುತ್ತದೆಯೇ? ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಯುರೋಪಿನ ಮತ್ತು ಅಮೆರಿಕದ ಗ್ರಂಥಾಲಯಗಳು, ವಸ್ತುಸಂಗ್ರಹಾಲಯಗಳು ಈ ಪ್ರಶ್ನೆಗಳೊಂದಿಗೆ ಸೆಣಸುತ್ತಿವೆ. ಈ ವಾದ ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆ ಎಂಬುದನ್ನು ಒಂದೆಡೆ ತರುವುದು ಈ ಲೇಖನದ ಉದ್ದೇಶ.

ಬಣ್ಣ ಯಾಕೆ ಬಿಡುತ್ತದೆ?

ಮಧ್ಯಯುಗದ ಹೆಚ್ಚಿನ ಚಿತ್ರಿತ ಹಸ್ತಪ್ರತಿಗಳು ಚರ್ಮಪತ್ರದ ಮೇಲಿವೆ. ಕರು, ಕುರಿ ಅಥವಾ ಮೇಕೆಯ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಚೌಕಟ್ಟಿಗೆ ಬಿಗಿದು, ಎಳೆದ ಸ್ಥಿತಿಯಲ್ಲೇ ಒಣಗಿಸಿದರೆ ಚರ್ಮಪತ್ರ ಸಿದ್ಧ. ಚಪ್ಪಲಿಯ ಚರ್ಮದಂತೆ ಇದನ್ನು ಹದ ಮಾಡಿರುವುದಿಲ್ಲ. ಹಾಗಾಗಿ ಗಾಳಿಯ ತೇವ ಏರಿದರೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಅದರ ಮೇಲಿನ ಬಣ್ಣದ ಪದರಕ್ಕೆ ಈ ಬಳುಕು ಇಲ್ಲ. ಬೇಸಿಗೆಯಲ್ಲಿ ಕೆರೆಯಂಗಳದ ಜೇಡಿಮಣ್ಣು ಬಿರಿದು ಅಂಚು ಮೇಲೆದ್ದು ನಿಲ್ಲುವಂತೆ ಬಣ್ಣವೂ ಬಿರುಕುಬಿಟ್ಟು ಹಕ್ಕಳೆ ಏಳುತ್ತದೆ. ಪುಟ ತಿರುವಿದಾಗಲೆಲ್ಲ ಹಾಳೆ ಬಾಗುತ್ತದೆ, ಹಕ್ಕಳೆ ಇನ್ನಷ್ಟು ಬಿಡುತ್ತದೆ.

ಎರಡನೆಯ ಕಾರಣ ಬಣ್ಣದೊಳಗೇ ಇದೆ. ಅಂದಿನ ಚಿತ್ರಕಾರರು ವರ್ಣದ್ರವ್ಯವನ್ನು ನುಣ್ಣಗೆ ಅರೆದು ಮೊಟ್ಟೆಯ ಬಿಳಿಲೋಳೆ, ಜಾಲಿ ಜಾತಿಯ ಮರದ ಗೋಂದು ಅಥವಾ ಚರ್ಮದ ಸರೇಸಿನಲ್ಲಿ ಕಲಸುತ್ತಿದ್ದರು. ಎಲ್ಲ ಪುಡಿಗಳೂ ಒಂದೇ ಪ್ರಮಾಣದ ಅಂಟು ಬೇಡುವುದಿಲ್ಲ. ಅಜುರೈಟ್ ಎಂಬ ತಾಮ್ರದ ಖನಿಜವನ್ನು ಗಾಢ ನೀಲಿ ಬರಲೆಂದು ದಪ್ಪ ಕಣಗಳಾಗಿಯೇ ಉಳಿಸಿಕೊಳ್ಳಬೇಕು. ಅಷ್ಟು ದಪ್ಪ ಕಣಗಳನ್ನು ಹಿಡಿದಿಡಲು ಅಂಟು ಹೆಚ್ಚು ಬೇಕು, ಆದರೆ ಅಂಟು ಹೆಚ್ಚಾದರೆ ನೀಲಿ ಕಪ್ಪಿಡುತ್ತದೆ. ಹಾಗಾಗಿ ಚಿತ್ರಕಾರ ಕಡಿಮೆ ಅಂಟಿನಲ್ಲೇ ಕೆಲಸ ಮುಗಿಸುತ್ತಿದ್ದ. ಶತಮಾನಗಳ ಬಳಿಕ ಆ ಅಲ್ಪ ಅಂಟೂ ಸತ್ವ ಕಳೆದುಕೊಂಡಾಗ ಬಣ್ಣ ಪುಡಿಯಾಗಿ ಎದುರು ಪುಟಕ್ಕೆ ಮೆತ್ತಿಕೊಳ್ಳುತ್ತದೆ.

ಮೂರನೆಯದು ರಾಸಾಯನಿಕ ಬದಲಾವಣೆ. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ತಾನು ಕಂದಾಗುವುದಲ್ಲದೆ ಕೆಳಗಿನ ಚರ್ಮವನ್ನೂ ಸುಟ್ಟಂತೆ ಮಾಡುತ್ತದೆ, ಕೆಲವೆಡೆ ತೂತು ಬೀಳಿಸುತ್ತದೆ. ಸೀಸದ ಬಿಳಿ ಗಂಧಕದ ಅನಿಲ ತಾಗಿದರೆ ಕಪ್ಪಾಗುತ್ತದೆ. ಪಕ್ಕದಲ್ಲಿ ಗಂಧಕವುಳ್ಳ ಹರಿತಾಳದ ಹಳದಿ ಇದ್ದರೂ ಸೀಸ ಮತ್ತು ತಾಮ್ರದ ಬಣ್ಣಗಳಿಗೆ ಅಪಾಯವೇ. ಒಂದೇ ಪುಟದಲ್ಲಿ ಒಂದು ಬಣ್ಣ ಹೊಸದರಂತೆ ಹೊಳೆಯುತ್ತಿರಬಹುದು, ಅದಕ್ಕೆ ತಾಗಿದ ಇನ್ನೊಂದು ಉದುರುತ್ತಿರಬಹುದು. ಇಡೀ ಪುಟಕ್ಕೆ ಒಂದೇ ಮದ್ದು ಸಾಕೆಂಬ ಆಲೋಚನೆ ಸೋತಿರುವುದು ಈ ಕಾರಣಕ್ಕೆ.

ಸೇಂಟ್ ಗಾಲ್‌ನಿಂದ ನೈಲಾನ್‌ವರೆಗೆ

ಬಣ್ಣ ಹೋದ ಜಾಗಕ್ಕೆ ಹೊಸ ಬಣ್ಣ ಬಳಿಯುವುದು ಹಳೆಯ ಪದ್ಧತಿ. 19ನೇ ಶತಮಾನದ ಲಂಡನ್ನಿನಲ್ಲಿ ಅದು ಒಂದು ಕಸುಬೇ ಆಗಿತ್ತು. ಸಂಗ್ರಾಹಕ ಜಾನ್ ಬಾಯ್ಕೆಟ್ ಜಾರ್ಮನ್‌ನ ಹಸ್ತಪ್ರತಿಗಳು 1846ರ ನೆರೆಯಲ್ಲಿ ನೆನೆದು ಕೆಟ್ಟಾಗ, ಕೇಲಬ್ ವಿಂಗ್ ಎಂಬ ನುರಿತ ಚಿತ್ರಕಾರ ಅವುಗಳಿಗೆ ಮರುಬಣ್ಣ ಹಚ್ಚಿದ. ಅವನ ಕೈ ಎಷ್ಟು ಪಳಗಿತ್ತೆಂದರೆ ಎಲ್ಲಿ ಮಧ್ಯಯುಗ ಮುಗಿದು ಎಲ್ಲಿ ವಿಂಗ್ ಶುರುವಾಗುತ್ತಾನೆ ಎಂದು ಹೇಳಲು ತಜ್ಞರೂ ಹೆಣಗಬೇಕು. ನೋಡುವವನಿಗೆ ಚಿತ್ರ ಇಡಿಯಾಗಿ ಸಿಕ್ಕಿತು, ಇತಿಹಾಸಕಾರನಿಗೆ ಸಾಕ್ಷ್ಯ ಕಲಬೆರಕೆಯಾಯಿತು.

1898ರಲ್ಲಿ ವ್ಯಾಟಿಕನ್ ಗ್ರಂಥಾಲಯದ ಮುಖ್ಯಸ್ಥ ಫ್ರಾನ್ಸ್ ಏರ್ಲೆ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್‌ನಲ್ಲಿ ಹಲವು ದೇಶಗಳ ಗ್ರಂಥಪಾಲಕರನ್ನು ಸೇರಿಸಿದರು. ಹಸ್ತಪ್ರತಿಗಳ ಸಂರಕ್ಷಣೆಯನ್ನೇ ಮುಂದಿಟ್ಟುಕೊಂಡು ನಡೆದ ಮೊದಲ ಅಂತರರಾಷ್ಟ್ರೀಯ ಸಭೆ ಅದು. ಮಾಸಿದ ಅಕ್ಷರ ಓದಲೆಂದು ಹಿಂದಿನವರು ಹಚ್ಚಿದ್ದ ರಾಸಾಯನಿಕಗಳು ಹಾಳೆಗಳನ್ನೇ ತಿನ್ನುತ್ತಿದ್ದವು. ಆ ಹಾನಿಯೇ ಸಭೆಗೆ ಪ್ರೇರಣೆ. ಏರ್ಲೆ ಒಲಿದದ್ದು ಪ್ರಾಣಿಜನ್ಯ ಜೆಲಟಿನ್ ಕಡೆಗೆ. ಅದೇ ಹೊತ್ತಿಗೆ ಜರ್ಮನಿಯಲ್ಲಿ ‘ಜಾಪೋನ್’ ಎಂಬ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆಯ ಬಗ್ಗೆ ಭಾರಿ ಭರವಸೆ ಹುಟ್ಟಿತು. ನೀರು ತಾಗದ, ಗಾಜಿನಂತೆ ಪಾರದರ್ಶಕವಾದ ಪದರ ಯಾರಿಗೆ ಬೇಡ? ಆದರೆ ನೈಟ್ರೋಸೆಲ್ಯುಲೋಸ್ ಕಾಲಕ್ರಮದಲ್ಲಿ ಹಳದಿಗಟ್ಟಿ, ಪೆಡಸಾಗಿ, ತಾನೇ ಆಮ್ಲ ಬಿಡುವ ವಸ್ತು. ಕಾಪಾಡಲು ಬಂದದ್ದೇ ಕೆಡಿಸತೊಡಗಿತು.

ಇದೇ ಕಥೆ 20ನೇ ಶತಮಾನದ ನಡುವೆ ಮರುಕಳಿಸಿತು. ಬೆಚ್ಚಗಿನ ಆಲ್ಕೋಹಾಲಿನಲ್ಲಿ ಕರಗುವ ಒಂದು ಬಗೆಯ ನೈಲಾನ್ 1950ರ ದಶಕದಿಂದ ಸಂರಕ್ಷಣೆಯ ಮೇಜಿಗೆ ಬಂತು. ಅದು ಬಣ್ಣಕ್ಕೆ ಹೊಳಪು ತರುತ್ತಿರಲಿಲ್ಲ, ತೆಳ್ಳಗೆ ಇಳಿಯುತ್ತಿತ್ತು, ಬಳುಕುತ್ತಿತ್ತು. ಹಸ್ತಪ್ರತಿಗಳಿಗೆ ಮಾತ್ರವಲ್ಲದೆ ಕಲ್ಲು, ಬಟ್ಟೆ, ಮೂಳೆಗಳಿಗೂ ಬಳಸಿದರು. ಕೆಲವೇ ದಶಕಗಳಲ್ಲಿ ಅದರ ಅಣುಗಳು ಒಂದಕ್ಕೊಂದು ಬೆಸೆದು, ಯಾವ ದ್ರಾವಕಕ್ಕೂ ಕರಗದಂತಾಗಿ, ಧೂಳು ಹಿಡಿಯುವ ಪೊರೆಯಾಗುತ್ತದೆಂದು ಗೊತ್ತಾಯಿತು. 1981ರಲ್ಲಿ ಕ್ಯಾಥರೀನ್ ಸೀಸ್ ‘ಸ್ಟಡೀಸ್ ಇನ್ ಕನ್ಸರ್ವೇಷನ್’ ಪತ್ರಿಕೆಯಲ್ಲಿ ಈ ನೈಲಾನನ್ನು ಬಳಸಲೇಬಾರದೆಂದು ಸಾಕ್ಷ್ಯ ಸಮೇತ ವಾದಿಸಿದರು. ಅಷ್ಟರೊಳಗೆ ಅದು ಎಷ್ಟೋ ಪುಟಗಳ ಬಣ್ಣದೊಳಗೆ ಇಳಿದಾಗಿತ್ತು.

ಅಂಟಿನ ಪಕ್ಷ: ಹಳೆಯದಕ್ಕೆ ಹತ್ತಿರದ್ದೇ ಕ್ಷೇಮ

ಈ ಏಟುಗಳಿಂದ ರೂಪುಗೊಂಡ ಪಕ್ಷ ಇಂದು ಹೆಚ್ಚು ಪ್ರಭಾವಿ. ಚರ್ಮಪತ್ರವೂ ಪ್ರೋಟೀನು, ಹಳೆಯ ಅಂಟುಗಳಲ್ಲಿ ಹಲವು ಪ್ರೋಟೀನು, ಆದ್ದರಿಂದ ಕೊಡುವ ಅಂಟೂ ಅದೇ ಕುಲದ್ದಾಗಿರಲಿ ಎಂಬುದು ಇದರ ತರ್ಕ. ಜೆಲಟಿನ್, ಚರ್ಮಪತ್ರದ ಚೂರುಗಳನ್ನೇ ಕಾಯಿಸಿ ತೆಗೆದ ಸರೇಸು, ಸ್ಟರ್ಜನ್ ಮೀನಿನ ಗಾಳಿಚೀಲದ ಅಂಟು ಇಲ್ಲಿನ ಮುಖ್ಯ ಸಾಮಗ್ರಿ. ಮೀನಿನ ಅಂಟನ್ನು ರಷ್ಯಾದ ಮರದ ಪ್ರತಿಮಾಚಿತ್ರಗಳ ಸಂರಕ್ಷಕರು ಬಹುಕಾಲದಿಂದ ಬಲ್ಲರು. 1980ರ ದಶಕದ ಕೊನೆಯ ಹೊತ್ತಿಗೆ ಅದು ಅಮೆರಿಕದ ಕಾಗದ ಮತ್ತು ಗ್ರಂಥ ಸಂರಕ್ಷಕರ ಗಮನ ಸೆಳೆಯಿತು. ತೀರಾ ತೆಳುವಾಗಿ ಕಲಸಿದರೂ ಗಟ್ಟಿಯಾಗಿ ಹಿಡಿಯುವುದು, ಒಣಗಿದ ಮೇಲೂ ಬಳುಕುವುದು ಅದರ ಗುಣ.

ಹೊಳಪಿಲ್ಲದ, ಪುಡಿಪುಡಿಯಾದ ಬಣ್ಣಗಳಿಗೆ ಬೇರೆ ದಾರಿ ಬೇಕಾಯಿತು. ಅಂತಹ ಪದರದಲ್ಲಿ ಕಣಗಳ ನಡುವೆ ಗಾಳಿ ತುಂಬಿರುತ್ತದೆ. ಆ ಜಾಗವನ್ನು ಅಂಟು ಹೊಕ್ಕರೆ ಬೆಳಕು ಚೆದುರುವ ರೀತಿಯೇ ಬದಲಾಗಿ ಬಣ್ಣ ಕಪ್ಪಿಡುತ್ತದೆ, ಕಲೆ ಏಳುತ್ತದೆ. ಜಪಾನಿನಲ್ಲಿ ಬಳಕೆಯಲ್ಲಿದ್ದ ‘ಫುನೋರಿ’ ಎಂಬ ಕೆಂಪು ಕಡಲಪಾಚಿಯ ಲೋಳೆ ಇಲ್ಲಿ ನೆರವಾಯಿತು. ಸ್ವಿಟ್ಜರ್ಲೆಂಡಿನ ಸಂಶೋಧಕರು ಅದನ್ನು ಶುದ್ಧೀಕರಿಸಿ ‘ಜುನ್‌ಫುನೋರಿ’ ಎಂಬ ರೂಪ ಕೊಟ್ಟರು. ಕೆನಡಾ ಸಂರಕ್ಷಣಾ ಸಂಸ್ಥೆಯ ಸ್ಟೆಫಾನ್ ಮಿಖಾಲ್ಸ್ಕಿ ಮತ್ತು ಕರೋಲ್ ಡಿನ್ಯಾರ್ 1990ರ ದಶಕದಲ್ಲಿ ಶ್ರವಣಾತೀತ ಕಂಪನದಿಂದ ತೆಳು ಅಂಟನ್ನು ಮಂಜಾಗಿಸಿ ಹಾಯಿಸುವ ವಿಧಾನವನ್ನು ವಿವರವಾಗಿ ಪ್ರಕಟಿಸಿದರು. ಹನಿಗಳು ಅತಿ ಸಣ್ಣವಾದ್ದರಿಂದ ಕುಂಚದ ಸ್ಪರ್ಶವೂ ಇಲ್ಲದೆ ಪುಡಿಬಣ್ಣ ನೆಲೆನಿಲ್ಲುತ್ತದೆ.

ಈ ಪಕ್ಷ ಒಂದು ವಿಷಯವನ್ನು ಚೆನ್ನಾಗಿ ವಿವರಿಸುತ್ತದೆ: ಒಮ್ಮೆ ಬಿದ್ದ ಹಕ್ಕಳೆ ಹೋದಂತೆಯೇ ಲೆಕ್ಕ. ಅದನ್ನು ಮತ್ತೆ ಅದರ ಜಾಗಕ್ಕೆ ಕೂರಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಕಾಯುವುದೂ ಒಂದು ಆಯ್ಕೆ, ಅದಕ್ಕೂ ಬೆಲೆ ಇದೆ.

ಸೂಕ್ಷ್ಮದರ್ಶಕದ ಕೆಳಗೆ

ಕೆಲಸ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಿದರೆ ವಾದದ ಬಿಗುವು ಅರ್ಥವಾಗುತ್ತದೆ. ಪುಸ್ತಕವನ್ನು ಪೂರ್ತಿ ತೆರೆಯದೆ ಇಳಿಜಾರು ಆಧಾರಗಳ ಮೇಲೆ ಮಲಗಿಸುತ್ತಾರೆ. ಎರಡು ಕಣ್ಣಿನ ಸೂಕ್ಷ್ಮದರ್ಶಕವನ್ನು ಪುಟದ ಮೇಲೆ ತಂದು, ದೀಪವನ್ನು ಪಕ್ಕದಿಂದ ಬೀಳುವಂತೆ ಇಡುತ್ತಾರೆ. ಎದ್ದ ಅಂಚುಗಳ ನೆರಳು ಆಗ ಎದ್ದು ಕಾಣುತ್ತದೆ. ಕೆಲವೇ ಕೂದಲುಗಳ ಕುಂಚದ ತುದಿಯಿಂದ ಬಣ್ಣವನ್ನು ಮೆಲ್ಲಗೆ ಸವರಿ, ಯಾವ ಹಕ್ಕಳೆ ಅಲುಗುತ್ತದೆ, ಯಾವುದು ಬಿರುಕಿದ್ದರೂ ಗಟ್ಟಿಯಾಗಿದೆ ಎಂದು ಗುರುತಿಸುತ್ತಾರೆ. ಬಿರುಕು ಕಂಡಲ್ಲೆಲ್ಲ ಅಂಟು ಬೇಕಿಲ್ಲ. ಅಲುಗುವುದಕ್ಕೆ ಮಾತ್ರ ಬೇಕು.

ಅಲುಗುವ ಹಕ್ಕಳೆಯ ಅಂಚಿಗೆ ಮೊದಲು ಒಂದು ಚೂರು ಆಲ್ಕೋಹಾಲ್ ತಾಗಿಸುತ್ತಾರೆ. ಅದು ಒಳಗೆ ಹರಡಿ ದಾರಿ ಮಾಡಿಕೊಡುತ್ತದೆ. ಬೆನ್ನಿಗೇ ಬೆಚ್ಚಗಿನ ತೆಳು ಅಂಟನ್ನು ಕುಂಚದ ತುದಿಯಿಂದ ಮುಟ್ಟಿಸಿದರೆ ಅದು ತಾನಾಗಿ ಹಕ್ಕಳೆಯ ಅಡಿಗೆ ಸರಿಯುತ್ತದೆ. ಎದ್ದಿದ್ದ ಅಂಚು ಮೆದುವಾಗಿ ಕೆಳಗೆ ಕೂರುತ್ತದೆ. ಅಂಟು ಹೆಚ್ಚಾದರೆ ಮೇಲ್ಮೈಯಲ್ಲಿ ಮಿರುಗು ಉಳಿಯುತ್ತದೆ, ನೀರು ಹೆಚ್ಚಾದರೆ ಚರ್ಮಪತ್ರ ಹಿಗ್ಗಿ ಸುತ್ತಲ ಬಣ್ಣವೂ ಬಿಡುತ್ತದೆ. ಒಣಗಿದ ಮೇಲೆ ಮತ್ತೆ ಅದೇ ಕುಂಚದಿಂದ ಪರೀಕ್ಷೆ. ಹೀಗೆ ಒಂದು ಪುಟದಲ್ಲಿ ನೂರಾರು ಜಾಗ ಇರಬಹುದು. ಎಲ್ಲಿ ಎಷ್ಟು ಕೊಟ್ಟೆವೆಂಬುದನ್ನು ಪುಟದ ಛಾಯಾಚಿತ್ರದ ಮೇಲೆ ಗುರುತು ಹಾಕಿಡುತ್ತಾರೆ. ಮುಂದಿನ ತಲೆಮಾರಿಗೆ ಈ ನಕ್ಷೆ ಅಂಟಿನಷ್ಟೇ ಮುಖ್ಯ.

ಮುಟ್ಟದಿರುವ ಪಕ್ಷ

ಎರಡನೆಯ ಪಕ್ಷದವರ ವಾದ ಸರಳ. ಸರಂಧ್ರ ಬಣ್ಣದೊಳಗೆ ಇಳಿದ ಅಂಟನ್ನು ಬಣ್ಣಕ್ಕೆ ಧಕ್ಕೆಯಾಗದಂತೆ ಹೊರತೆಗೆಯುವ ದಾರಿ ಇಲ್ಲ. ಮಾಡಿದ್ದನ್ನು ಹಿಂತೆಗೆಯುವಂತಿರಬೇಕೆಂಬುದು ಸಂರಕ್ಷಣೆಯ ಹಳೆಯ ಆದರ್ಶ. ಬಾರ್ಬರಾ ಆಪಲ್‌ಬಾಮ್ 1987ರಲ್ಲೇ ಈ ಆದರ್ಶವನ್ನು ಒರೆಗೆ ಹಚ್ಚಿ, ಮತ್ತೆ ಚಿಕಿತ್ಸೆಗೆ ಅವಕಾಶ ಉಳಿದಿದೆಯೇ ಎಂಬ ಅಳತೆಗೋಲನ್ನು ಮುಂದಿಟ್ಟರು. ಬಣ್ಣ ಹಿಡಿಸುವ ಕೆಲಸದಲ್ಲಿ ಆ ಮಾತು ಇನ್ನಷ್ಟು ತೀಕ್ಷ್ಣ.

ಹಾಗಾದರೆ ಬಣ್ಣವನ್ನು ಬಿಟ್ಟು ಅದರ ಸುತ್ತಲಿನದನ್ನು ಸರಿಪಡಿಸೋಣ ಎನ್ನುತ್ತಾರೆ ಇವರು. ಕೋಣೆಯ ತೇವವನ್ನು ಏರಿಳಿತವಿಲ್ಲದೆ ಕಾಯುವುದು, ಪ್ರದರ್ಶನದ ಬೆಳಕನ್ನು 50 ಲಕ್ಸ್ ಆಸುಪಾಸಿಗೆ ಮಿತಗೊಳಿಸುವುದು, ಪುಟಗಳನ್ನು ಸರದಿಯಂತೆ ಬದಲಿಸುವುದು, ಬಿಗಿಯಾದ ಹೊಲಿಗೆಯನ್ನು ಸಡಿಲಿಸುವುದು ಇವರ ಉಪಾಯಗಳು. 1966ರ ಫ್ಲಾರೆನ್ಸ್ ನೆರೆಯ ಪರಿಹಾರದಲ್ಲಿ ದುಡಿದ ಕ್ರಿಸ್ಟೋಫರ್ ಕ್ಲಾರ್ಕ್‌ಸನ್‌ರಂಥವರು ಹಸ್ತಪ್ರತಿಯನ್ನು ಚಿತ್ರವಾಗಿ ನೋಡದೆ, ಚಲಿಸುವ ಅಂಗಗಳುಳ್ಳ ವಸ್ತುವಾಗಿ ನೋಡಲು ಕಲಿಸಿದರು. ಬುಕ್ ಆಫ್ ಕೆಲ್ಸ್‌ನ ಇತಿಹಾಸವೇ ಇದಕ್ಕೆ ನಿದರ್ಶನ. 19ನೇ ಶತಮಾನದ ರಟ್ಟುಗಾರರು ಅದರ ಅಂಚುಗಳನ್ನು ಕತ್ತರಿಸಿದರು. 1953ರಲ್ಲಿ ರೋಜರ್ ಪವೆಲ್ ಅದನ್ನು ನಾಲ್ಕು ಸಂಪುಟಗಳಾಗಿ ಮರುಕಟ್ಟಿದರು. ಪುಟ ಹೇಗೆ ತೆರೆದುಕೊಳ್ಳುತ್ತದೆ ಎಂಬುದು ಬದಲಾದರೆ ಬಣ್ಣದ ಮೇಲಿನ ಒತ್ತಡವೂ ಬದಲಾಗುತ್ತದೆ.

ಈ ಪಕ್ಷಕ್ಕೂ ಒಂದು ಮಿತಿ ಇದೆ. ಮೋಡ ಮುಸುಕಿದ ಮಠದಲ್ಲೋ ಹಣವಿಲ್ಲದ ಊರಿನ ಗ್ರಂಥಾಲಯದಲ್ಲೋ ತೇವ ಕಾಯುವ ಯಂತ್ರ ಇರುವುದಿಲ್ಲ. ಈಗಾಗಲೇ ಜೋತಾಡುತ್ತಿರುವ ಹಕ್ಕಳೆಗೆ ಒಳ್ಳೆಯ ಹವೆಯೊಂದೇ ಉತ್ತರವಾಗದು. ತಾಮ್ರದ ಹಸಿರಿನ ತಿನಿತವಂತೂ ಪುಸ್ತಕ ಮುಚ್ಚಿದ್ದಾಗಲೂ ನಡೆಯುತ್ತಿರುತ್ತದೆ.

ಮೊದಲು ತಿಳಿಯೋಣ ಎನ್ನುವವರು

ಮೂರನೆಯ ಧೋರಣೆ ಕಳೆದ ಮೂರು ದಶಕಗಳಲ್ಲಿ ಬಲಗೊಂಡಿದೆ. ಚಿತ್ರಿತ ಪುಟದಿಂದ ಕಣ ಕೀಳದೆಯೇ ಬಣ್ಣವನ್ನು ಗುರುತಿಸುವ ಉಪಕರಣಗಳು ಬಂದಿವೆ. ಅವುಗಳಲ್ಲೊಂದು ಸಿ.ವಿ. ರಾಮನ್ ಅವರ ಶೋಧದ ಮೇಲೆ ನಿಂತಿದೆ. ರಾಮನ್ ರೋಹಿತಮಾಪನದಿಂದಲೇ 2004ರಲ್ಲಿ ಲಿಂಡಿಸ್‌ಫಾರ್ನ್ ಸುವಾರ್ತೆಗಳು ಎಂಬ ಹಸ್ತಪ್ರತಿಯ ನೀಲಿ ಬಣ್ಣ ಆಫ್ಘಾನಿಸ್ತಾನದ ಲಾಜವರ್ದ ಕಲ್ಲಿನದಲ್ಲ, ನೀಲಿಗಿಡದ್ದು ಎಂದು ಖಚಿತವಾಯಿತು. ಬುಕ್ ಆಫ್ ಕೆಲ್ಸ್ ಬಗ್ಗೆಯೂ 2009ರಲ್ಲಿ ಅದೇ ಬಗೆಯ ಫಲಿತಾಂಶ ಬಂತು. ಅಲ್ಲಿಯವರೆಗೆ ಬರಿಗಣ್ಣಿನ ಅಂದಾಜಿನ ಮೇಲೆ ಬರೆದದ್ದು ತಿದ್ದುಪಡಿಯಾಯಿತು.

ಇಂಗ್ಲೆಂಡಿನ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯ 2012ರಲ್ಲಿ ‘ಮಿನಿಯಾರೆ’ ಎಂಬ ಯೋಜನೆ ಆರಂಭಿಸಿ, ಕಲಾ ಇತಿಹಾಸಕಾರರನ್ನೂ ವಿಜ್ಞಾನಿಗಳನ್ನೂ ಸಂರಕ್ಷಕರನ್ನೂ ಒಂದೇ ಪುಟದ ಮುಂದೆ ಕೂರಿಸಿತು. 2016ರಲ್ಲಿ ಅದರ ಫಲಗಳನ್ನು ಸಾರ್ವಜನಿಕ ಪ್ರದರ್ಶನವಾಗಿ ತೆರೆದಿಟ್ಟಿತು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ಸಂಶೋಧಕರು ಲೊರೆಂಜೊ ಮೊನಾಕೊ ಚಿತ್ರಿಸಿದ ಒಂದು ಹಾಳೆಯ ಮೇಲೆ ಅವಗೆಂಪು ಬೆಳಕಿನ ನಕ್ಷೆ ತೆಗೆದು, ಕೆಲವು ಭಾಗಗಳಲ್ಲಿ ಮೊಟ್ಟೆಯ ಹಳದಿ ಲೋಳೆ ಬಳಕೆಯಾಗಿದ್ದನ್ನು ತೋರಿಸಿದರು. ಅಂದರೆ ಒಂದೇ ಚಿತ್ರದಲ್ಲಿ ಒಂದಕ್ಕಿಂತ ಹೆಚ್ಚು ಅಂಟುಗಳಿರಬಹುದು, ಸಂರಕ್ಷಕ ಕೊಡುವ ಹನಿಗೆ ಅವು ಬೇರೆ ಬೇರೆ ರೀತಿ ಸ್ಪಂದಿಸಬಹುದು.

ವಿಯೆನ್ನಾದ ಆಸ್ಟ್ರಿಯನ್ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ 6ನೇ ಶತಮಾನದ ‘ವಿಯೆನ್ನಾ ಜೆನೆಸಿಸ್’ ಈ ಧೋರಣೆಗೆ ಒಳ್ಳೆಯ ಮಾದರಿ. ನೇರಳೆ ಬಣ್ಣದ ಚರ್ಮದ ಮೇಲೆ ಬೆಳ್ಳಿಯ ಶಾಯಿಯಲ್ಲಿ ಬರೆದ 24 ಹಾಳೆಗಳು ಮಾತ್ರ ಉಳಿದಿವೆ. ಬೆಳ್ಳಿ ಕೊರೆದಲ್ಲಿ ಅಕ್ಷರಗಳೇ ಹಾಳೆಯಿಂದ ಕಳಚುತ್ತಿದ್ದವು. 1970ರ ದಶಕದಿಂದ ಅವು ಅಕ್ರಿಲಿಕ್ ಫಲಕಗಳ ನಡುವೆ ಇದ್ದವು. ಕ್ರಿಸ್ಟಾ ಹಾಫ್‌ಮನ್ ನೇತೃತ್ವದ ತಂಡ ಮೊದಲು ಚರ್ಮ, ಬಣ್ಣ, ಶಾಯಿಗಳನ್ನು ಪರೀಕ್ಷಿಸಿತು. ಆಮೇಲೆಯೇ ಜೆಲಟಿನ್ ಲೇಪಿಸಿದ ಅತಿ ತೆಳು ಜಪಾನಿ ಕಾಗದದ ಚೂರುಗಳಿಂದ ದುರ್ಬಲ ಜಾಗಗಳಿಗೆ ಆಸರೆ ಕೊಟ್ಟಿತು. ಹೀಗೆ ಎಲ್ಲೆಲ್ಲೂ ಅಂಟು ಸುರಿಯದೆ, ಬೇಕಾದಲ್ಲಿ ಮಾತ್ರ ಸೇತುವೆ ಹಾಕಿದಂತಾಯಿತು.

ಕಪ್ಪಾದ ಬಿಳಿ, ಖಾಲಿಯಾದ ಜಾಗ

ಕಳೆದುಹೋದ ನೋಟವನ್ನು ಮರಳಿ ತರಬೇಕೆ ಎಂಬುದು ಪಕ್ಕದ ವಿವಾದ. ಫ್ರಾನ್ಸಿನ ಥೆನಾರ್ 1818ರಲ್ಲಿ ಕಂಡುಕೊಂಡ ಹೈಡ್ರೋಜನ್ ಪೆರಾಕ್ಸೈಡ್ ಕಪ್ಪಾದ ಸೀಸದ ಬಿಳಿಯನ್ನು ಮತ್ತೆ ಬೆಳ್ಳಗೆ ಮಾಡಬಲ್ಲದು. ಕಣ್ಣಿಗೆ ಇದು ಪವಾಡ. ಆದರೆ ಬಂದದ್ದು ಮೊದಲಿದ್ದ ಸೀಸದ ಕಾರ್ಬೊನೇಟ್ ಅಲ್ಲ, ಸೀಸದ ಸಲ್ಫೇಟ್ ಎಂಬ ಬೇರೆಯೇ ವಸ್ತು. ಮುಖಗಳೇ ಕಪ್ಪಾದ ಚಿತ್ರವನ್ನು ಓದುವಂತೆ ಮಾಡಿದರೆ ತಪ್ಪೇನು ಎಂದು ಕೆಲವರು ಕೇಳುತ್ತಾರೆ. ಬದಲಾದದ್ದೂ ಇತಿಹಾಸವೇ ಎಂದು ಉಳಿದವರು ಹೇಳುತ್ತಾರೆ. ಹೋದ ಜಾಗಕ್ಕೆ ಬಣ್ಣ ತುಂಬುವ ವಿಷಯದಲ್ಲಿ ಮಾತ್ರ ಹೆಚ್ಚು ಕಡಿಮೆ ಒಮ್ಮತವಿದೆ. ಗೋಡೆ ಮತ್ತು ಮರದ ಮೇಲಿನ ಚಿತ್ರಗಳಿಗೆ ಇಟಲಿಯ ಚೆಸಾರೆ ಬ್ರಾಂಡಿ ಒಪ್ಪಿದ, ಹತ್ತಿರದಿಂದ ಗೊತ್ತಾಗುವ ಗೆರೆ ತುಂಬುವಿಕೆಯೂ ಹಸ್ತಪ್ರತಿಯ ಪುಟಕ್ಕೆ ಒಗ್ಗಿಲ್ಲ.

ನಮ್ಮ ತಾಳೆಗರಿಗಳಿಗೆ ಇದರ ಸಂಬಂಧ

ಮೂಡುಬಿದಿರೆಯಲ್ಲಿ ಕಾದಿಟ್ಟುಕೊಂಡು ಬಂದಿರುವ ‘ಧವಳಾ’ ಎಂಬ ಜೈನ ಗ್ರಂಥದ ತಾಳೆಗರಿ ಪ್ರತಿಗಳಲ್ಲಿ ಹೊಯ್ಸಳರ ಕಾಲದ, 12ನೇ ಶತಮಾನದ ವರ್ಣಚಿತ್ರಗಳಿವೆ. ತಾಳೆಗರಿ ಚರ್ಮಪತ್ರದಂತೆ ಹಿಗ್ಗಿ ಕುಗ್ಗದಿದ್ದರೂ ಅದರ ನುಣುಪು ಮೈ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಣ್ಣ ಮೇಲೆಯೇ ಕೂತಿರುತ್ತದೆ, ಗರಿಗಳು ಒಂದಕ್ಕೊಂದು ಉಜ್ಜಿದರೆ ಕಳಚುತ್ತದೆ. ಅಕ್ಷರ ಕೊರೆದ ಗರಿಗಳಿಗೆ ಕಾಡಿಗೆ ತಿಕ್ಕಿ ಎಣ್ಣೆ ಸವರುವ ನಮ್ಮ ರೂಢಿ ಬರಹವನ್ನು ಉಳಿಸಿದೆ. ಚಿತ್ರವಿರುವ ಗರಿಗೆ ಅದೇ ಉಪಚಾರ ಮಾರಕ. ಯುರೋಪಿನ ಅಂಟುಗಳನ್ನು ಹಾಗೆಯೇ ತಂದು ಹಚ್ಚುವುದೂ ಸರಿಯಲ್ಲ, ಏಕೆಂದರೆ ಅಲ್ಲಿನ ತರ್ಕ ಚರ್ಮದ ಮೇಲೆ ನಿಂತಿದೆ. ನಾವು ತರಬೇಕಾದದ್ದು ಅವರ ವಿಧಾನ: ಮೊದಲು ಪರೀಕ್ಷೆ, ಆಮೇಲೆ ಅಲುಗುವ ಜಾಗಕ್ಕಷ್ಟೇ ಸ್ಪರ್ಶ, ಮಾಡಿದ್ದಕ್ಕೆಲ್ಲ ದಾಖಲೆ.

ಇನ್ನೂ ತೀರ್ಮಾನವಾಗದ್ದು

ಮೊದಲನೆಯದು ಕಾಲದ ಪ್ರಶ್ನೆ. ಜೆಲಟಿನ್, ಮೀನಿನ ಅಂಟು, ಫುನೋರಿಗಳನ್ನು ಪ್ರಯೋಗಾಲಯದಲ್ಲಿ ಬಿಸಿಗೂ ಬೆಳಕಿಗೂ ಒಡ್ಡಿ ಕೃತಕವಾಗಿ ಮುಪ್ಪಾಗಿಸಿ ನೋಡಿದ್ದಾರೆ. ನಿಜವಾದ ಹಸ್ತಪ್ರತಿಯೊಳಗೆ, ನಿಜವಾದ ಇನ್ನೂರು ವರ್ಷಗಳ ಬಳಿಕ, ಹಳೆಯ ನೈಲಾನಿನ ಶೇಷದ ಜೊತೆ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬುದಕ್ಕೆ ಉತ್ತರ ಕಾಲವೇ ಕೊಡಬೇಕು.

ಎರಡನೆಯದು ಸಾಕ್ಷ್ಯದ ಪ್ರಶ್ನೆ. 2015ರಲ್ಲಿ ಸಾರಾ ಫಿಡಿಮೆಂಟ್ ಮತ್ತು ಸಂಗಡಿಗರು ಚರ್ಮಪತ್ರವನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಉದುರಿದ ಪುಡಿಯ ಪ್ರೋಟೀನಿನಿಂದಲೇ ಅದು ಯಾವ ಪ್ರಾಣಿಯದೆಂದು ಹೇಳುವ ದಾರಿ ತೋರಿಸಿದರು. ಇಂಥ ಕಾಲದಲ್ಲಿ ದನದ ಜೆಲಟಿನ್ ಕೊಟ್ಟರೆ ಪುಟದ ಸ್ವಂತ ಸಾಕ್ಷ್ಯದೊಳಗೆ ಪರಕೀಯ ಪ್ರೋಟೀನು ಸೇರುತ್ತದೆ. ಮೀನಿನ ಅಂಟಾದರೆ ಮುಂದೆ ಬೇರ್ಪಡಿಸಿ ಗುರುತಿಸಬಹುದು. ‘ಹಳೆಯದಕ್ಕೆ ಹತ್ತಿರದ್ದೇ ಕ್ಷೇಮ’ ಎಂಬ ಸೂತ್ರ ಇಲ್ಲಿ ತಿರುಗುಬಾಣವಾಗುತ್ತದೆ, ಏಕೆಂದರೆ ಹತ್ತಿರದ್ದನ್ನು ಮೂಲದಿಂದ ಬೇರೆ ಮಾಡಿ ತೋರಿಸುವುದೇ ಕಷ್ಟ.

ಮೂರನೆಯದು ತಾಮ್ರದ ಹಸಿರು. ಅದರ ತಿನಿತವನ್ನು ಚರ್ಮಕ್ಕೂ ಬಣ್ಣಕ್ಕೂ ಅಪಾಯವಿಲ್ಲದೆ ನಿಲ್ಲಿಸುವ, ಎಲ್ಲರೂ ಒಪ್ಪಿದ ಚಿಕಿತ್ಸೆ ಇಲ್ಲ. ಕಾಗದದ ಮೇಲೆ ಪ್ರಯತ್ನಿಸಿದ ರಾಸಾಯನಿಕಗಳನ್ನು ಚಿತ್ರಿತ ಚರ್ಮಪತ್ರಕ್ಕೆ ತರಲು ಹೆಚ್ಚಿನವರು ಹಿಂಜರಿಯುತ್ತಾರೆ.

ನಾಲ್ಕನೆಯದು ಯಾವಾಗ ಮುಟ್ಟಬೇಕು, ಯಾವಾಗ ನಿಲ್ಲಿಸಬೇಕು ಎಂಬ ಗೆರೆ. ಒಬ್ಬರ ಕುಂಚಕ್ಕೆ ಅಲುಗಿದ ಹಕ್ಕಳೆ ಇನ್ನೊಬ್ಬರಿಗೆ ಗಟ್ಟಿಯೆನಿಸಬಹುದು. ಡಿಜಿಟಲ್ ಪ್ರತಿ ತೆಗೆಯಲೂ ಪುಟ ತೆರೆಯಲೇಬೇಕು, ಪ್ರದರ್ಶನಕ್ಕೆ ಒಯ್ಯಲೂ ಗಟ್ಟಿಯಾಗಿಸಬೇಕು. ಹೀಗೆ ಎಷ್ಟೋ ಸಲ ಅಂಟನ್ನು ಬೇಡುವುದು ಪುಸ್ತಕದ ಕಾಯಿಲೆಯಲ್ಲ, ನಮ್ಮ ನೋಡುವ ಆಸೆ.

ನನ್ನ ನಿಲುವು ಸ್ಪಷ್ಟ. ಜಾಪೋನ್ ಮತ್ತು ನೈಲಾನ್ ಹಚ್ಚಿದವರೂ ಪ್ರಾಮಾಣಿಕರು, ತಮ್ಮ ಕಾಲದ ಉತ್ತಮ ವಿಜ್ಞಾನವನ್ನೇ ನಂಬಿದವರು. ಅವರಿಂದ ಕಲಿಯಬೇಕಾದ ಪಾಠ ಹೊಸ ಅಂಟನ್ನು ಹುಡುಕುವುದಕ್ಕಿಂತ ದೊಡ್ಡದು. ಬಣ್ಣಕ್ಕೆ ಕೊಟ್ಟ ಪ್ರತಿ ಹನಿಯೂ ಶಾಶ್ವತ ಎಂದು ತಿಳಿದೇ ಕೊಡಬೇಕು. ಪುಸ್ತಕ ಪ್ರಯಾಣ ಮಾಡಲೆಂದು ಬಣ್ಣವನ್ನು ಗಟ್ಟಿಮಾಡುವ ಬದಲು ಪ್ರಯಾಣವನ್ನೇ ಕೈಬಿಡುವುದು ಮೇಲು. ಹಕ್ಕಳೆ ನಿಜಕ್ಕೂ ಬೀಳುವುದರಲ್ಲಿದ್ದರೆ ಮಾತ್ರ ಕೈ ಹಾಕಬೇಕು, ಆಗ ಹಿಂಜರಿಯಲೂ ಬಾರದು. ಕೊಟ್ಟ ಹನಿ ಎಲ್ಲಿದೆ, ಏನಿದೆ, ಯಾಕೆ ಕೊಟ್ಟದ್ದು ಎಂಬ ದಾಖಲೆ ಪುಸ್ತಕದ ಜೊತೆಗೇ ಸಾಗಬೇಕು. ಮುಂದಿನವರು ನಮ್ಮ ತಪ್ಪನ್ನು ತಿದ್ದಬೇಕಾದರೆ ಮೊದಲು ಅದು ಅವರ ಕಣ್ಣಿಗೆ ಬೀಳಬೇಕು.